ಎರಡು ಫ್ರೇಮು ಕಡಿಮಿ

ಬೆಟಗೇರಿ ಟಾಕೀಸಿನ ಮಷಿನ್ ರೂಮಿನ್ಯಾಗ
ನನಗ ಕೊಟ್ಟಿದ್ದು ಎರಡ ಕೆಲಸ:
ಓಡಿ ಮುಗಿದ ರೀಲು ಹಿಂದಕ್ಕ ಸುತ್ತೋದು,
ದಾವಲಸಾಬರ ಚಾದ ಕಪ್ಪು ತೊಳಿಯೋದು.
ಮೂರನೇದು ನಾನಾಗೇ ಹಚ್ಚಿಕೊಂಡಿದ್ದು:
ಅಂಗೈಯಗಲದ ಕಿಂಡಿಗೆ ಕಣ್ಣಿಟ್ಟು
ಪಿಚ್ಚರ್ ಬಿಟ್ಟು ಮಂದೀನ್ನ ನೋಡೋದು.

ಅಲ್ಲಿಂದ ಬರೇ ಬೆನ್ನು ಕಾಣತಿದ್ವು.
ಹಿಂದಿನಿಂದ ನೋಡಿದರ
ಅಳು ಮಾರಿಯಾಗ ಇರಂಗಿಲ್ಲ, ಭುಜದಾಗ ಇರತದ.
ಸೆರಗು ಏಳತದ, ಇಳಿಯಂಗಿಲ್ಲ.
ಬೆಂಚಿನ ಕಡೆ ಬೀಡಿಯ ಕೆಂಪು ಚುಕ್ಕಿ
ಬಾಯಿಗೆ ಹೋಗೋದು ಮರತು
ಗಾಳಿಯಾಗ ನಿಂತಬಿಡತದ.

ಅಣ್ಣ ತಮ್ಮರ ಪಿಚ್ಚರ್ ಅದು, ನಾಕು ವಾರ ಓಡಿತು.
ಒಂಬತ್ತನೇ ರೀಲಿನ್ಯಾಗ ಅವ್ವ ಸಾಯತಾಳ;
ಗುಡುಗು, ಮಿಂಚು, ಆರೋ ದೀಪ, ಏನೂ ಕಡಿಮಿ ಇಲ್ಲ.
ಮಂದಿ ಶೇಂಗಾ ಸುಲೀತಿದ್ರು.
ಹನ್ನೆರಡನೇ ರೀಲಿನ್ಯಾಗ
ಬ್ಯಾರಿ ಹೋದ ತಮ್ಮ ಬಾಗಲದಾಗ ಬಂದು ನಿಲ್ಲತಾನ.
ಉಣ್ಣಾಕ ಕೂತ ಅಣ್ಣ ತಲಿ ಎತ್ತಂಗಿಲ್ಲ, ಮಾತಾಡಂಗಿಲ್ಲ,
ಕೂತ ಮಣಿ ಮ್ಯಾಲೆ ಒಂದೀಟು ಸರೀತಾನ.
ಅಷ್ಟ.
ಅಲ್ಲಿ ಟಾಕೀಸು ಒಡೀತಿತ್ತು.

‘ಪಿಟೀಲು’ ಅಂದ್ರು ದಾವಲಸಾಬ.
‘ಪಿಟೀಲಿಗೆ ಕಲ್ಲೂ ಅಳತದೋ ತಮ್ಮಾ.’
ಒಂದು ಮಂಗಳವಾರ ಮ್ಯಾಟ್ನಿಗೆ ಪರೀಕ್ಷಾ ಮಾಡಿದ್ರು,
ಆ ಜಾಗಾಕ್ಕ ಬರೂದ ತಡಾ ಆವಾಜು ಪೂರಾ ಇಳಿಸಿದ್ರು.
ಮಷಿನ್ನಿನ ಟರಟರ ಒಂದ ಉಳೀತು,
ಅದರ ನಡುವ ನೂರಾರು ಮೂಗು ಸೊರ್ರ್ ಅಂದ್ವು.
ದಾವಲಸಾಬ ಬೀಡಿ ಹಚ್ಚಿದ್ರು,
ಮತ್ತೊಂದು ಕಾರಣ ಹೇಳಲಿಲ್ಲ.

ಆ ಜಾಗಾದಾಗನ ರೀಲು ಹರೀತಿತ್ತು, ತೂತು ಸವದಿದ್ವು.
ಹರಿದಾಗೊಮ್ಮೆ ಎರಡು ಫ್ರೇಮು ಕತ್ತರಿಸಿ
ಬಾಳಿಹಣ್ಣಿನ ವಾಸನಿಯ ಅಂಟು ಹಚ್ಚಿ ಕೂಡಸ್ತಿದ್ದೆ.
ನೇಕಾರನ ಮಗ ನಾನು;
ನೂಲು ಹರದರ ಗಂಟು ಬೆರಳಿಗೆ ಹತ್ತಬಾರದು ಅಂತ
ಅಪ್ಪ ಕುಣಿಮಗ್ಗದಾಗ ಕುಂಡ್ರಿಸಿ ಕಲಿಸಿದ್ದ.
ನಾಕನೇ ವಾರಕ್ಕ ಅಣ್ಣ ಸರಿಯೋದ ಇರಲಿಲ್ಲ.
ಮೊದಲ ಮಣಿ ತುಂಬ ಕೂತಿರತಿದ್ದ,
ಕಣ್ಣು ಮಿಟುಕಿಸೂದ್ರಾಗ ಅರ್ಧ ಮಣಿ ಖಾಲಿ.
ಮಂದಿ ಆಗಲೂ ಅತ್ರು,
ಮೊದಲಿನಷ್ಟ, ಅದ ಜಾಗಾದಾಗ.

ಕಡೇ ಐತವಾರ, ಸೆಕೆಂಡ್ ಶೋ.
ಮೂರನೇ ಬೆಂಚಿನ ತುದಿಗೆ ಅಪ್ಪ.
ಖುರ್ಚಿ ಕ್ಲಾಸಿನ್ಯಾಗ ಗೂಳಪ್ಪ ಕಾಕಾ.
ಒಬ್ಬರು ಬಂದದ್ದು ಇನ್ನೊಬ್ಬರಿಗೆ ಗೊತ್ತಿಲ್ಲ.
ಒಂದ ಮಾಡು, ನಡುವ ಗ್ವಾಡಿ,
ಬಾವಿ ಒಂದು, ಹಗ್ಗ ಎರಡು,
ಮಾತು ಬಿಟ್ಟು ಆರು ವರ್ಷ.

ಹನ್ನೆರಡನೇ ರೀಲು. ಹರೀತು.
ಪರದೆ ಸುಣ್ಣ ಬಳದಂಗ ಬೆಳ್ಳಗಾತು.
ಬ್ಯಾರೆ ದಿನ ಆಗಿದ್ರ ಸೀಟಿ, ಬೈಗಳಾ.
ಅವತ್ತ ಒಬ್ಬನೂ ಸೀಟಿ ಹೊಡೀಲಿಲ್ಲ.
ಆ ಬೆಳಕಿನ್ಯಾಗ ಎಲ್ಲಾ ಕಂಡಿತು:
ಅಪ್ಪ ಟವೆಲ್ಲು ಬಾಯಾಗ ತುರಿಕಿಕೊಂಡು ಬಗ್ಗಿದ್ದ;
ಕಾಕಾ ನೆಟ್ಟಗ ಕೂತು
ಖಾಲಿ ಪರದೆ ನೋಡತಿದ್ದ,
ಅಲ್ಲಿ ಇನ್ನೂ ಏನೋ ನಡದೈತಿ ಅನ್ನೂ ಹಂಗ.
‘ಲಗೂ ಕೂಡಸಲೇ’ ಅಂದ್ರು ದಾವಲಸಾಬ.
ಬೆರಳು ನಡಗಿ ಗಂಟು ದಪ್ಪಾತು.

ಆಟ ಬಿಟ್ಟಮ್ಯಾಲೆ
ಅಪ್ಪ ಹಿಂದಿನ ಗೇಟಿನಿಂದ, ಕಾಕಾ ಮುಂದಿನಿಂದ.
ಮನಿಯಾಗ ಕಾಲು ತೊಳಕೋತ ಅಪ್ಪ ಅಂದ:
‘ಸುಳ್ಳ ಪಿಚ್ಚರ್. ಯಾ ಅಣ್ಣ ಸರಿದು ಕೊಡತಾನಲೇ ಜಾಗಾ?’
ಅಣ್ಣ ಅವನ.
ಗ್ವಾಡಿಯಾಚೆ ಯಾರೋ ಮೂಗು ಸೀಟಿದ ಸಪ್ಪಳ.
ಅಪ್ಪ ಚಂಬು ನೆಲಕ್ಕಿಟ್ಟು
ಸ್ವಲ್ಪ ಹೊತ್ತು ನೀರು ಹಾಕಿಕೊಳ್ಳಲಿಲ್ಲ.
ಆಮ್ಯಾಲೆ ಹಾಕಿಕೊಂಡ.

ಕತ್ತರಿಸಿದ ಫ್ರೇಮು ಬೀಡಿ ಡಬ್ಬಿಯಾಗ ಇಟ್ಟಿದ್ದೆ.
ಅಪ್ಪ ಇಲ್ಲ, ಟಾಕೀಸಿನ ಜಾಗಾದಾಗ ಕಲ್ಯಾಣ ಮಂಟಪ.
ಗ್ವಾಡಿಗೆ ಹ್ವಾದ ದೀಪಾವಳಿಗೆ ಬಣ್ಣಾ ಹಚ್ಚಿದೆ,
ನನ್ನ ಕಡೆ ಅಷ್ಟ.
ಡಬ್ಬಿ ಸಿಕ್ಕಿತು, ಕಿಟಕಿಗೆ ಹಿಡದು ಎಣಿಸಿದೆ:
ಹದಿನೆಂಟು. ಒಂದು ಸೆಕೆಂಡಿಗೆ ಇಪ್ಪತ್ತನಾಕು ಬೇಕು.
ಒಂದರಾಗ ಮೊಳಕಾಲು, ಒಂದರಾಗ ಮಣಿಯ ಅಂಚು.
ಯಾವುದರಾಗೂ ಯಾರೂ ಸರಿಯಂಗಿಲ್ಲ.