ಇಬ್ಬನೇ

ಪ್ರೂಫ್ ತಿದ್ದಲು ಆಗ ಇಬ್ಬರು ಬೇಕಿತ್ತು.
ಹಸ್ತಪ್ರತಿ ಹಿಡಿದು ಗಟ್ಟಿಯಾಗಿ ಓದಲು ಒಬ್ಬರು,
ಗ್ಯಾಲಿಯ ಮೇಲೆ ಕೆಂಪು ಶಾಯಿಯಲ್ಲಿ ಗೀಚಲು ಇನ್ನೊಬ್ಬರು.
ಗೀಚುವವನು ನಾನು.
ಓದುವವಳು ರೆಜಿನಾ.

ಚಾಮರಾಜಪೇಟೆ, ಐದನೇ ಮೈನು, ಮೆಟ್ಟಿಲ ಕೆಳಗಿನ ಗೂಡು.
ಒಂದು ಮೇಜು, ಅದಕ್ಕೆ ಮೂರೇ ಕಾಲು,
ನಾಲ್ಕನೆಯದರ ಜಾಗಕ್ಕೆ ಖರ್ಚಾಗದ ಪಂಚಾಂಗಗಳ ಕಟ್ಟು.
ಗೋಡೆಯಾಚೆ ದಿನವಿಡೀ ಟ್ರೆಡಲ್ಲಿನ ಧಡಕ್ಕು.

ನನಗೆ ಜೊತೆ ಒಗ್ಗುತ್ತಿರಲಿಲ್ಲ.
ಊಟ ಒಬ್ಬನೇ. ಸೆಕೆಂಡ್ ಶೋ ಒಬ್ಬನೇ.
ಬಿಟ್ಟ ಮೇಲೆ ಮೆಜೆಸ್ಟಿಕ್ಕಿನಿಂದ ನಡಿಗೆಯೂ ಒಬ್ಬನೇ.
ಕೇರಂನಲ್ಲಿ ಎದುರಾಳಿಯ ಪಾಳಿಯನ್ನೂ ನಾನೇ ಆಡುತ್ತಿದ್ದೆ,
ಸೋತರೂ ಸೋಲು ಮನೆಯೊಳಗೇ ಉಳಿಯುತ್ತಿತ್ತು.

ಅವಳು ಚಿಹ್ನೆಗಳನ್ನೂ ಬಿಡದೆ ಓದುತ್ತಿದ್ದಳು:
‘ಪತ್ತೇದಾರ ಗರುಡಾಕ್ಷ ಕಾಮಾ
ಪಿಸ್ತೂಲು ಸವರುತ್ತ ಹೇಳಿದ ಕೋಟು ಶುರು
ನನಗೆ ಯಾರ ನೆರವೂ ಬೇಡ ಆಶ್ಚರ್ಯ ಕೋಟು ಮುಗೀತು.’
ಆಶ್ಚರ್ಯ ಅನ್ನುವಾಗ ಅವಳ ದನಿಯಲ್ಲಿ
ಆಶ್ಚರ್ಯವೇನೂ ಇರುತ್ತಿರಲಿಲ್ಲ.
ತಿಂಗಳಿಗೊಂದು ಸಲ ಅದೇ ಮಾತು ಓದಿದವಳು.

ಅವನ ಮೇಲೆ ನನಗೆ ಹೊಟ್ಟೆಕಿಚ್ಚು.
ಹಲಸೂರು ಕೆರೆಯನ್ನು ರಾತ್ರಿ ಒಬ್ಬನೇ ಈಜಿದ,
ಗೂಡ್ಸ್‌ಶೆಡ್ಡಿನಲ್ಲಿ ಒಂಬತ್ತು ಜನರನ್ನು ಒಬ್ಬನೇ ಕೆಡವಿದ,
ಗುಂಡು ಹೊಕ್ಕ ಎಡಭುಜಕ್ಕೆ ಬಲಗೈಯಲ್ಲೇ ಪಟ್ಟಿ ಸುತ್ತಿಕೊಂಡ.
‘ಗಂಟು ಹೇಗೆ ಹಾಕಿದ?’ ಅಂದಳು ರೆಜಿನಾ, ಓದು ನಿಲ್ಲಿಸಿ.
‘ಹಲ್ಲಲ್ಲಿ’ ಅಂದೆ.
‘ಬರೆದಿಲ್ಲ’ ಅಂದಳು.
ನಮ್ಮ ಕೆಲಸ ಅಕ್ಷರದ ತಪ್ಪು ಹುಡುಕುವುದಷ್ಟೇ ಅಂದೆ.

ಲೇಖಕ ಬಿಂದುರಾಯರನ್ನೇ ಒಮ್ಮೆ ಕೇಳಿದೆ:
ಒಬ್ಬ ಶಿಷ್ಯನಾದರೂ ಬೇಡವೇ ಸಾರ್ ಅವನಿಗೆ?
ರಾಯರು ನಶ್ಯ ಏರಿಸಿ, ಸೀನಿ, ಕಣ್ಣೊರೆಸಿಕೊಂಡು ಹೇಳಿದರು:
‘ಇಬ್ಬರಾದರೆ ಮಾತಾಡ್ತಾರಪ್ಪ. ಮಾತಾಡಿದರೆ ಪುಟ ಬೆಳೆಯುತ್ತೆ.
ಎಂಟು ಫಾರಂ ದಾಟಿದರೆ ಶೆಟ್ಟರು ಕಾಸು ಬಿಚ್ಚಲ್ಲ.’

ಇಷ್ಟೇ ಆಗಿತ್ತು ವೀರನ ಏಕಾಂತ: ಕಾಗದದ ರೇಟು.

ಆಮೇಲೆ ಅವಳಿಗೆ ಜಿಪಿಓದಲ್ಲಿ ಕಾಗದ ವಿಂಗಡಿಸುವ ಕೆಲಸ ಸಿಕ್ಕಿತು.
‘ಬರ್ತೀನಿ ಪೂರ್ಣವಿರಾಮ’ ಅಂದಳು, ನಕ್ಕಳು.
ಇನ್ನು ನಾನೇ ಓದಿ ನಾನೇ ತಿದ್ದುತ್ತೇನೆಂದು ಮಾಲೀಕರಿಗೆ ಹೇಳಿ
ಸಂಬಳ ಒಂದೂವರೆಪಟ್ಟು ಕೇಳಿದೆ.
ಒಂದೂಕಾಲಕ್ಕೆ ಇತ್ಯರ್ಥವಾಯಿತು.

ಮುಂದಿನ ತಿಂಗಳ ಪುಸ್ತಕ, ಕೊನೆಯ ಪುಟ, ಕೊನೆಯ ಸಾಲು:
‘ಗರುಡಾಕ್ಷ ಕತ್ತಲಲ್ಲಿ ಇಬ್ಬನೇ ನಡೆದ.’

ಮೊಳೆ ಜೋಡಿಸುವ ಮುನಿಲಿಂಗಪ್ಪನ ಬೆರಳು
ಒ-ಕಾರದ ಖಾನೆಯೆಂದು ಇ-ಕಾರಕ್ಕೆ ಇಳಿದಿತ್ತು.
ನನ್ನ ಕಣ್ಣಿಗೋ ಒಬ್ಬನೇ ಎಷ್ಟು ಬಾಯಿಪಾಠವೆಂದರೆ
ಇದ್ದದ್ದು ಕಾಣಲೇ ಇಲ್ಲ.
ಎರಡು ಸಾವಿರ ಪ್ರತಿ.

ಅರಸೀಕೆರೆಯಿಂದ ಒಂದು ಕಾರ್ಡು ಬಂತು:
‘ಇಬ್ಬನಿಯಲ್ಲಿ ನಡೆದ ಎಂದಿರಬೇಕು. ಚಳಿ ಚೆನ್ನಾಗಿ ಬಂದಿದೆ.’
ಗುಬ್ಬಿಯಿಂದ ಇನ್ನೊಂದು:
‘ಜೊತೆಗಿದ್ದವರು ಯಾರು? ಮುಂದಿನ ಭಾಗ ಯಾವಾಗ?’
ಮೂರನೆಯದಕ್ಕೆ ಹೆಸರಿಲ್ಲ, ಬೆಂಗಳೂರಿನದೇ ಮುದ್ರೆ.
ಆ ಪುಟ ಮಾತ್ರ ಹರಿದು ಮಡಚಿದ್ದು,
ಇ-ಕಾರದ ಸುತ್ತ ಕೆಂಪು ಸೊನ್ನೆ,
ಅಂಚಿನಲ್ಲಿ ಒಂದು ಪ್ರಶ್ನಾರ್ಥಕ.

ವಿಭಕ್ತಿ ಹಚ್ಚಿ ನೋಡಿದೆ ಆ ರಾತ್ರಿ:
ಇಬ್ಬನು, ಇಬ್ಬನನ್ನು, ಇಬ್ಬನಿಂದ, ಇಬ್ಬನಿಗೆ.
ನಿಘಂಟಿನಲ್ಲಿ ಇಲ್ಲ.
ಎರಡನೇ ಮುದ್ರಣದಲ್ಲಿ ತಿದ್ದಬಹುದಿತ್ತು.
ಎರಡನೇ ಮುದ್ರಣ ಆಗಲಿಲ್ಲ.

ಪ್ರೆಸ್ಸಿದ್ದಲ್ಲಿ ಈಗ ಸ್ಕೂಟರ್ ನಿಲ್ಲಿಸುತ್ತಾರೆ.
ನಾನು ಶ್ರೀನಗರದಲ್ಲಿ, ಒಂದು ಕೋಣೆ, ಒಂದು ಲೋಟ.
ಕನಿಕರ ಬೇಡ, ಒಬ್ಬನೇ ಇರುವುದು ಈಗಲೂ ಇಷ್ಟ.
ಪಾರ್ಕಿನಲ್ಲಿ ಗುಂಪುಗೂಡಿ ಹಹ್ಹಾ ಎಂದು ನಗುವವರು
ಬರುವ ಮೊದಲೇ ಮೂರು ಸುತ್ತು ಮುಗಿಸಿ ಬರುತ್ತೇನೆ.

ಕರೆಂಟು ಬಿಲ್ಲು ಬಂದಾಗ ಮಾತ್ರ ಗಟ್ಟಿಯಾಗಿ ಓದುತ್ತೇನೆ:
‘ಮೊತ್ತ ಇನ್ನೂರ ಹನ್ನೆರಡು ಕಾಮಾ
ಕಟ್ಟಲು ಕಡೆಯ ದಿನ’
ಅಲ್ಲಿ ಸುಮ್ಮನೆ ನಿಲ್ಲುತ್ತೇನೆ,
ಗೀಚುವವರು ಗೀಚಿ ಮುಗಿಸಲಿ ಎಂದು.