ತುದಿಯ ಅಳತೆ

ಮುರಿದದ್ದು ಮೀನಿನಿಂದಲ್ಲ.
ಹೇಳಿಕೊಳ್ಳಲು ಒಂದು ಕಾಟ್ಲಾ ಆದರೂ ಇರಬೇಕಿತ್ತು.
ಸೋಮವಾರ ರಾತ್ರಿ, ಪೇಟೆಬೀದಿ,
ಬಳೆಯಂಗಡಿಯ ಶಟರು ಎಳೆದೆ.
ಮೂಲೆಗೆ ಒರಗಿಸಿಟ್ಟ ಗಾಳದ ಕೋಲು ಯಾವಾಗ ಜಾರಿತ್ತೋ,
ಹೊಸಿಲಾಚೆ ನಾಲ್ಕು ಬೆರಳು ಮೂತಿ ಚಾಚಿತ್ತು.
ಟಕ್ ಅಂದಿತು.
ಗಾಜು ಒಡೆಯುವ ಸದ್ದು ದಿನಾ ಕೇಳುವವಳು ನಾನು,
ಇದು ಗಾಜಲ್ಲ ಅಂತ ಕೈಗೆ ಮೊದಲು ತಿಳಿಯಿತು.

ಮಂಗಳವಾರ ರಜಾ.
ಬೇರೆ ವಾರವಾದರೆ ಈ ಹೊತ್ತಿಗೆ ವಿ.ಸಿ. ನಾಲೆಯ ಏರಿ,
ಮಡಚಿದ ಗೋಣಿಚೀಲ, ಡಬ್ಬಿಯಲ್ಲಿ ಎರೆಹುಳ.
ಈ ಸಲ ಮೈಸೂರು ಪ್ಯಾಸೆಂಜರು, ತೊಡೆಯ ಮೇಲೆ
ಕೋಲಿನ ಮೇಲಿನ ತುಂಡು.
ಎದುರು ಕೂತ ಅಜ್ಜ ಕೇಳಿದರು: ಟೀವಿ ಆಂಟೆನಾನಾ ಕಣವ್ವ?
ಹೂಂ ಅಂದೆ.
ಹೆಂಗಸು ಗಾಳ ಹಾಕುವ ಕತೆ
ಯಲಿಯೂರು ದಾಟುವಷ್ಟರಲ್ಲಿ ಮುಗಿಯುವಂಥದ್ದಲ್ಲ.

ಮಂಡಿ ಮೊಹಲ್ಲಾದ ಓಣಿಯಲ್ಲಿ ಇಲಿಯಾಸಣ್ಣನ ಅಂಗಡಿ:
ಬಲೆ, ಬೆಂಡು, ಸೀಸದ ಗುಂಡು, ತಂಗೂಸಿಯ ಉರುಳೆ.
ಅಣ್ಣ ಟೀ ಕುಡಿಯಲು ಹೋಗಿದ್ದರು. ಹುಡುಗ ಇದ್ದ.
"ಹಳೇ ತುದಿ ಐತಾ ಅಕ್ಕಾ? ಅದೇ ಸೈಜು ಕೊಟ್ಬುಡ್ತೀನಿ."
ಕೊಟ್ಟೆ. ಹೋಲಿಸಿ ಕೊಟ್ಟ.
ಮುರಿದ ಜಾಗಕ್ಕೆ ಇಟ್ಟರೆ ಬಾಯಲ್ಲೇ ನಿಂತಿತು.
"ಉಜ್ಜಿದ್ರೆ ಕೂತ್ಕತದೆ ಬುಡಿ" ಅಂತ
ಸ್ಯಾಂಡ್‌ಪೇಪರಿಗೆ ಕೈ ಹಾಕಿದ.

ಬೇಡ ಮಗಾ.

ಹದಿನೆಂಟು ವರ್ಷದಿಂದ ಊರಿನ ಕೈ ಹಿಡಿದಿದ್ದೇನೆ.
ಬಂದವರು ಹೇಳುವುದು ಹಳೇ ಅಳತೆ:
ಎರಡು ನಾಲ್ಕು ಕೊಡಿ, ನಂದು ಯಾವಾಗಲೂ ಅದೇ.
ಅದೇ ಇತ್ತು, ಕಾಲೇಜಿನಲ್ಲಿ.
ಕಬ್ಬಿನ ಸೋಗೆ ಎಳೆದ ಕೈ ಬೇರೆ,
ಏಳು ತಿಂಗಳಿಗೆ ಊದಿದ ಕೈ ಬೇರೆ,
ಟೈಫಾಯಿಡ್ ಎದ್ದು ಬಂದವಳ ಕೈಯಲ್ಲಿ ಎರಡು ಎರಡೂ
ಮೊಣಕೈವರೆಗೆ ಓಡುತ್ತದೆ.
ನಾನು ಹೂಂಗುಟ್ಟುತ್ತೇನೆ, ಎರಡು ಆರರ ಡಜನ್ ಬಿಚ್ಚುತ್ತೇನೆ.
ಇದುವರೆಗೆ ಯಾರಿಗೂ ಹೇಳಿಲ್ಲ.

ಕೋಲು ತುದಿಗೆ ಹೋದ ಹಾಗೆ ಸಣ್ಣ.
ನಾಲ್ಕು ಬೆರಳು ಕೆಳಗೆ ಮುರಿದರೆ ಅಲ್ಲಿನ ದಪ್ಪವೇ ಬೇರೆ.
ಹೋದದ್ದನ್ನು ಕೇಳಿದರೆ ಅದು ತನ್ನ ಅಳತೆ ಹೇಳುತ್ತದೆ, ಅಷ್ಟೆ.
ಉಜ್ಜಿದರೆ ಕೂರುತ್ತದೆ, ನಿಜ.
ಸೋಪು ಹಚ್ಚಿ ನೂಕಿದರೆ ಎರಡು ನಾಲ್ಕೂ ಕೂರುತ್ತದೆ;
ಸಂಜೆಗೆ ಮಣಿಕಟ್ಟು ನೀಲಿ.

ಇಲಿಯಾಸಣ್ಣ ಬಂದರು. "ಏನ್ ಚಿಕ್ಕತಾಯಮ್ಮ, ಯಾವ ಮೀನು?"
ಶಟರು ಅಂದೆ.
ಸೀಳಿದ ನಾರನ್ನು ಬ್ಲೇಡಿನಲ್ಲಿ ಸುತ್ತ ಗೀರಿ ಸಮ ಮಾಡಿ,
ತೂತಿನ ಹಿತ್ತಾಳೆ ತಗಡು ತೆಗೆದರು.
ಎರಡು ಮಿಲ್ಲಿ: ಹೋಗಲಿಲ್ಲ.
ಎರಡೂಕಾಲು: ಹೋಯಿತು, ಬರಲು ಅತ್ತಿತು.
ಎರಡೂವರೆ: ಇಳಿಯಿತು,
ಅಲುಗಿಸಿದರೆ ಉಸಿರಿನಷ್ಟು ಜಾಗ.
"ಈ ಜಾಗ ಅಂಟಿಗೆ."
ನಾನು ನಕ್ಕೆ. ನಮ್ಮಲ್ಲಿ ಅದು ನಾಡಿಗೆ.

ಅರವತ್ತು ರೂಪಾಯಿ, ಮೇಲೆ ಒಂದು ತುಂಡು ಮೇಣದಂಥ ಅಂಟು.
ಗಟ್ಟಿ ಅಂಟು ಹಾಕಬೇಡಿ, ಮತ್ತೆ ಮುರಿಯುತ್ತೆ,
ಬಿಚ್ಚೋಕೆ ಬರಬೇಕು, ಅಂದರು.
ಎಷ್ಟು ಸಲೀಸಾಗಿ ಅಂದರು, ಮತ್ತೆ ಮುರಿಯುತ್ತೆ ಅಂತ.

ರಾತ್ರಿ ಒಲೆಯ ಮುಂದೆ
ಬಿಸಿಯಿರುವಾಗಲೇ ಒಂದು ಕಣ್ಣು ಮುಚ್ಚಿ
ಕೆಳಗಿನ ಐದು ಉಂಗುರದ ಸಾಲಿಗೆ
ತುದಿಯ ಉಂಗುರ ತಿರುಗಿಸಿದೆ.
ಕೂದಲೆಳೆಯಷ್ಟು ಎಡಕ್ಕೆ ನಿಂತಿದೆ. ಇರಲಿ.

ಇವತ್ತು ನಾಲೆ ತುಂಬಿ ಹರಿಯುತ್ತಿದೆ.
ಕೋಲು ಗಿಡ್ಡವಾಗಿ ಒರಟಾಗಿದೆ,
ಸಣ್ಣ ಕಚ್ಚು ಮೊದಲಿನ ಹಾಗೆ ಅಂಗೈಗೆ ಬರುವುದಿಲ್ಲ.
ಜಿಲೇಬಿ ಮರಿಯೊಂದು ಮೂರು ಹುಳ ತಿಂದು ಹೋಯಿತು.
ಬಿಗಿದ ದಾರದ ಮೇಲೆ ತೋರುಬೆರಳಿಟ್ಟು ಕೂತಿದ್ದೇನೆ.
ಕೈ ಅಲುಗಿದರೂ ಬಳೆ ಸದ್ದು ಮಾಡುವುದಿಲ್ಲ.
ನನ್ನವು ಎರಡು ನಾಲ್ಕು.
ಸೋಪಿಗೂ ಬರುವುದಿಲ್ಲ.