ಬಿಲ್ಲೆ

ನಾನು ನಾಟಕ ನೋಡಿದವನಲ್ಲ.
ಇಪ್ಪತ್ತಾರು ವರ್ಷ ತುಂಗಾ ವಿಲಾಸದ
ಸೈಕಲ್ ಸ್ಟ್ಯಾಂಡಿನಲ್ಲಿ ಕೂತವನು.
ಮೂರನೇ ಬೆಲ್ಲಿಗೆ ಒಳಗೆ ದೀಪ ಆರುತ್ತಿತ್ತು,
ಹೊರಗೆ ನನ್ನ ಬೀಡಿ ಹೊತ್ತುತ್ತಿತ್ತು.

ಗೋಡೆ ದಪ್ಪ. ನಾಟಾ ವ್ಯಾಪಾರದವರು ಕಟ್ಟಿಸಿದ್ದು.
ಬೀಟೆ ಕಂಬ, ಸಾಗುವಾನಿ ತೊಲೆ,
ಬಾಗಿಲ ಮೇಲೆ ಗಾರೆಯ ಎರಡು ನವಿಲು,
ಒಂದಕ್ಕೆ ಕೊಕ್ಕಿಲ್ಲ.
ಒಳಗಿನ ಮಾತು ನನ್ನ ತನಕ ಬರುವಷ್ಟರಲ್ಲಿ
ಅರ್ಥ ಸೋರಿ ಬರೀ ಏರಿಳಿತ.
ರಾಜ ಬೈದನೋ, ರಾಣಿ ಅತ್ತಳೋ,
ಪ್ರಾಂಪ್ಟರು ಕೆಮ್ಮಿದನೋ.

ಆದರೂ ಕತೆಯೆಲ್ಲ ಗೊತ್ತು.
ಬಿಲ್ಲೆ ಕೊಟ್ಟು ಸೈಕಲ್ ಬಿಡಿಸಿಕೊಳ್ಳುವ
ಆ ಅರ್ಧ ನಿಮಿಷದಲ್ಲಿ
ಮನುಷ್ಯನಿಗೆ ಸುಳ್ಳು ಹೇಳಲು ಪುರುಸೊತ್ತಿರುವುದಿಲ್ಲ.

ಪೋಸ್ಟಾಫೀಸಿನ ಪಂಚಾಕ್ಷರಯ್ಯ ಸೀಟು ಒರೆಸುತ್ತ,
"ಕರ್ಣ ಎಡಚ ಕಣಯ್ಯ. ಕವಚ ಮಾತ್ರ ಚೆನ್ನಾಗಿತ್ತು."
ಅಕ್ಕಿ ಗಿರಣಿಯ ಗೋವರ್ಧನ ಶೆಟ್ಟರು,
"ಎಂಟಾಣೆಗೆ ಇಷ್ಟು ಅಳಿಸಿದರೆ ನಷ್ಟ ಇಲ್ಲ."
ಲಿಡಿಯಾ ಟೀಚರು ಏನೂ ಅನ್ನದೆ ಡೈನಮೋ ಒತ್ತಿ,
ಎರಡು ತುಳಿತ ಹೋಗಿ, ಇಳಿದು, ತಿರುಗಿ ಬಂದು,
"ಆ ಸೊಸೆ ಹಾಗೆ ಸುಮ್ಮನೆ ನಿಲ್ಲಬಾರದಿತ್ತು."
ಹೌದು ಮೇಡಂ, ನಿಲ್ಲಬಾರದಿತ್ತು, ಅಂದೆ.
ಯಾವ ಸೊಸೆಯೋ, ಎಲ್ಲಿ ನಿಂತಳೋ.
ಅವತ್ತು ರಾತ್ರಿ ಚಿಮಣಿ ಹಿಡಿದು
ಕದ ತೆಗೆದ ಹೆಂಡತಿಯನ್ನು
ಸ್ವಲ್ಪ ಹೊತ್ತು ನೋಡಿದೆ.
"ಏನು, ಕುಡಿದಿದ್ದೀರಾ?" ಅಂದಳು.

ಕೆಟ್ಟ ನಾಟಕವಾದರೆ ಎಲ್ಲರೂ ಒಟ್ಟಿಗೆ ಮಾತಾಡುತ್ತಾರೆ,
ಬಿಲ್ಲೆ ಕೈಗೆ ಕೊಡುವುದಿಲ್ಲ, ಎಸೆಯುತ್ತಾರೆ.
ನಗೆ ನಾಟಕವಾದರೆ ಹೊಳೆಯ ಸೇತುವೆ ತನಕ
ಸುಮ್ಮಸುಮ್ಮನೆ ಬೆಲ್ಲು ಬಾರಿಸುತ್ತಾರೆ.

ಬೆಂಕಿಪೊಟ್ಟಣದ ಕಾರ್ಖಾನೆಯ ಮರಿಸ್ವಾಮಿಗೆ
ಹತ್ತೂವರೆಗೆ ಪಾಳಿ.
ಯಾವ ನಾಟಕವನ್ನೂ ಅರ್ಧಕ್ಕಿಂತ ಹೆಚ್ಚು ಕಂಡವನಲ್ಲ.
ಮರುವಾರ ಬಂದು ಕೇಳುವನು, "ಕೊನೆಗೇನಾಯ್ತು?"
ಕಿವಿಗೆ ಬಿದ್ದ ಚೂರುಗಳನ್ನು ಹೊಲಿದು ಕೊಡುತ್ತಿದ್ದೆ.
ಚೂರು ಸಾಲದಿದ್ದಾಗ
ಸತ್ತವರನ್ನು ಬದುಕಿಸಿದ್ದೂ ಉಂಟು.
ಒಮ್ಮೆ ಕೌರವನಿಗೂ ಪಾಂಡವರಿಗೂ
ರಾಜಿ ಮಾಡಿಸಿಬಿಟ್ಟೆ.
ಅವನು ನಂಬಲಿಲ್ಲ, ಬಿಡಿ.

ಆಮೇಲೆ ಆ ಒಂದು ರಾತ್ರಿ.
ಸಾಗರದ ಕಡೆಯ ಹುಡುಗರ ತಂಡ,
ಚಿತ್ರದ ಪರದೆ ಇಲ್ಲ, ಹಾರ್ಮೋನಿಯಂ ಇಲ್ಲ,
ಪೋಸ್ಟರಿನಲ್ಲಿ ಒಂದು ಹೆಂಗಸಿನ ಕೈ ಮಾತ್ರ.
ಮುಗಿದಾಗ ಚಪ್ಪಾಳೆ ಕೇಳಲಿಲ್ಲ.
ಬಿತ್ತು ನಾಟಕ, ಅಂದುಕೊಂಡೆ.
ಜನ ಬಂದರು. ಮಾತಿಲ್ಲ.
ಪಂಚಾಕ್ಷರಯ್ಯ ನನ್ನ ಮುಂದೆಯೇ ನಡೆದು ಹೋದರು.
"ಸ್ವಾಮೀ, ಸೈಕಲ್ಲು!" ಅಂದೆ.
ಯಾರಿಗೋ ಅಂದ ಹಾಗೆ ಕೈ ಎತ್ತಿ
ಕೋಟೆ ರಸ್ತೆಯ ಕತ್ತಲೆಗೆ ಇಳಿದರು.
ಎಣಿಸಿದೆ: ಹದಿನೇಳು ಸೈಕಲ್ಲು ಉಳಿದಿದ್ದವು.
ಬೀಗ ಹಾಕುವಂತಿಲ್ಲ, ಬಿಟ್ಟು ಹೋಗುವಂತಿಲ್ಲ.
ಕಂಬಳಿ ಹೊದ್ದು ಅವುಗಳ ನಡುವೆಯೇ ಕೂತೆ.
ಹ್ಯಾಂಡಲ್ಲುಗಳೆಲ್ಲ ಒಂದೇ ಕಡೆಗೆ ವಾಲಿದ್ದವು.

ಬೆಳಿಗ್ಗೆ ಒಬ್ಬೊಬ್ಬರೇ ಬಂದರು,
ಸಾಲ ಕೇಳಲು ಬಂದವರ ಮುಖ ಹೊತ್ತು.
ಕತೆ ಏನೆಂದು ಯಾರೂ ಹೇಳಲಿಲ್ಲ.
ಲಿಡಿಯಾ ಟೀಚರು ಬಿಲ್ಲೆಯ ಜೊತೆ
ಒಂದು ಸೇವಂತಿಗೆಯನ್ನೂ ಇಟ್ಟರು, ಯಾಕೋ.
ಶನಿವಾರ ಮರಿಸ್ವಾಮಿ ಕೇಳಿದ, "ಕೊನೆಗೇನಾಯ್ತು?"
ನನಗೂ ಗೊತ್ತಿಲ್ಲ ಮಾರಾಯ, ಅಂದೆ.
ಅದನ್ನು ಮಾತ್ರ ನಂಬಿದ.

ಈಗ ಮೆತ್ತೆ ಹಾಕಿದ ಕುರ್ಚಿ, ಬೈಕಿಗೆ ಚೀಟಿ ಕೊಡುವ ಯಂತ್ರ.
ನವಿಲಿಗೆ ಸಿಮೆಂಟಿನ ಕೊಕ್ಕು ಅಂಟಿಸಿದ್ದಾರೆ,
ಗಿಳಿಯ ಹಾಗಿದೆ.
ಹೋದ ತಿಂಗಳು ಮೊಮ್ಮಗಳು ಟಿಕೆಟ್ ತಂದು
ಹಟ ಮಾಡಿ ಒಳಗೆ ಕೂರಿಸಿದಳು.
ಎದುರಿಗೆ ಬೆಳಕು, ಯಾರೋ ಓಡಿದರು, ಯಾರೋ ಕೂಗಿದರು.
ನನಗೆ ಒಂದೇ ಚಿಂತೆ:
ಹೊರಗೆ ಗಾಡಿ ನೋಡಿಕೊಳ್ಳುವವರು ಯಾರು?
ಮಂಡಿ ಹಿಡಿದುಕೊಂಡಿತು,
ಮುಗಿಯುತ್ತಲೇ ಎಲ್ಲರಿಗಿಂತ ಮೊದಲು ಎಬ್ಬಿಸಿ ತಂದಳು.
ಮೆಟ್ಟಿಲ ಬಳಿ ಕೇಳಿದಳು,
"ಹೇಗಿತ್ತು ತಾತ, ನಾಟಕ?"

ತಾಳು, ಅಂದೆ,
ಇನ್ನೂ ಯಾರೂ ಹೊರಗೆ ಬಂದಿಲ್ಲ.